ಸೂಜಿ ಗಾಯದ ವಯಸ್ಸು

"ಮುಟ್ಟಬೇಡಿ" ಅಂದರು ಗಾಜಿನ ಡಾಕ್ಟರ್.

ಅಷ್ಟರಲ್ಲಿ ನಾನು ಮುಟ್ಟಿಯಾಗಿತ್ತು. ಸೂಕ್ಷ್ಮದರ್ಶಕದ ಕೆಳಗಿದ್ದ ಗಾಜಿನ ಪಟ್ಟಿ ಕೂದಲೆಳೆಯಷ್ಟು ಸರಿದಿತ್ತು. ಅವರು ಮಾತ್ರ, ನಾನು ಅವರ ಮನೆಗೋಡೆ ಬೀಳಿಸಿದ ಹಾಗೆ ನೋಡಿದರು.

ಮೈಯ ಚೂರುಗಳನ್ನು ತೆಳ್ಳಗೆ ಸೀಳಿ, ಬಣ್ಣ ಹಾಕಿ, ಗಾಜಿನ ಮೇಲೆ ಅಂಟಿಸಿ, ಯಾವುದು ಬದುಕಿದೆ ಯಾವುದು ಸತ್ತಿದೆ ಅಂತ ಹೇಳೋದು ಅವರ ಕೆಲಸ. ಅದಕ್ಕೇ ಇಡೀ ಸಂಸ್ಥೆಗೆ ಅವರು ಗಾಜಿನ ಡಾಕ್ಟರ್. ಅವರು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಈ ಸಲ ಊಹೂಂ ಅಂದಿದ್ದರು. ಆ ಊಹೂಂ ಹಿಂದೆ ಯಾರದಾದರೂ ಕೈವಾಡ ಇದೆಯಾ ಅಂತ ಪತ್ತೆ ಹಚ್ಚೋಕೆ ಸಂಸ್ಥೆಯ ಹಿರಿಯ ಡಾಕ್ಟರಮ್ಮ ನನ್ನನ್ನು ಕರೆಸಿದ್ದರು.

"ಇನ್ನೊಂದು ಸಲ ಬಿಡಿಸಿ ಹೇಳಿ. ನನ್ನ ತಲೆ ಸ್ವಲ್ಪ ದಪ್ಪ" ಅಂದೆ.

"ಹಂದಿಯ ಕಿಡ್ನಿಗೆ ಒಂದು ಸೂಜಿ ಇಳಿಸ್ತಾರೆ. ಅದರೊಳಗೆ ಗ್ಯಾಸ್ ಬಿಟ್ಟರೆ ತುದಿ ವಿಪರೀತ ತಣ್ಣಗಾಗಿ ಸುತ್ತ ಐಸ್ ಉಂಡೆ ಕಟ್ಟುತ್ತೆ. ಕರಗಿಸ್ತಾರೆ, ಮತ್ತೆ ಕಟ್ಟಿಸ್ತಾರೆ. ಉಂಡೆಯೊಳಗಿನದು ಸಾಯಬೇಕು, ಹೊರಗಿನದು ಬದುಕಬೇಕು. ಹಂದಿನ ಕೆಲವು ವಾರ ಸಾಕಿ, ಆಮೇಲೆ ಅದನ್ನ ಕೊನೆಯದಾಗಿ ಮಲಗಿಸಿ, ಆ ಜಾಗದ ಚೂರು ನನಗೆ ಕಳಿಸ್ತಾರೆ."

"ಎರಡು ಕಿಡ್ನಿ ಇದ್ದ ಹಂದಿಗಳಲ್ಲಿ ಎಲ್ಲ ಸರಿಯಾಯ್ತು."

"ಲಕ್ಷಣವಾಗಿ ಆಯ್ತು. ಒಂದನ್ನ ತೆಗೆದು ಇನ್ನೊಂದನ್ನೇ ಉಳಿಸಿದ್ದ ಹಂದಿ ಇತ್ತಲ್ಲ, ಅದರಲ್ಲಿ ಕೆಟ್ಟಿತು. ಉಂಡೆಯ ನಟ್ಟನಡುವೆಯೂ ಜೀವಕಣಗಳು ಆರಾಮಾಗಿ ಕೂತಿವೆ. ಒಂದೇ ಕಿಡ್ನಿ ಇದ್ದರೆ ಎರಡರ ರಕ್ತ ಅಲ್ಲಿಗೇ ನುಗ್ಗುತ್ತೆ, ಬಿಸಿ ರಕ್ತ, ಅದೇ ಐಸನ್ನ ಸೋಲಿಸಿರಬಹುದು. ಇಲ್ಲ, ಯಾರೋ ಯಂತ್ರದ ಜೊತೆ ಆಟ ಆಡಿರಬಹುದು. ಅದು ನಿಮ್ಮ ಇಲಾಖೆ."

ನನ್ನ ಇಲಾಖೆ ಅನ್ನೋದೇನೋ ನಿಜ. ಅದಕ್ಕಿಂತ ದೊಡ್ಡ ನಿಜ ಇನ್ನೊಂದಿತ್ತು.

ನನ್ನ ಅಕ್ಕನಿಗೂ ಒಂದೇ ಕಿಡ್ನಿ. ಇನ್ನೊಂದು ನನ್ನ ಹೊಟ್ಟೆಯಲ್ಲಿದೆ. ನನ್ನವೆರಡೂ ಕೈಕೊಟ್ಟ ವರ್ಷ, "ಚಿಕ್ಕವಳಿದ್ದಾಗ ನನ್ನ ಜಡೆ ರಿಬ್ಬನ್ನು ಕೇಳದೇ ಎತ್ಕೊಂಡು ಹೋಗ್ತಿದ್ದೆ, ಈಗ ಕೇಳಿ ತಗೊಳ್ತಿದ್ದೀಯ, ಪರವಾಗಿಲ್ಲ ಸ್ವಲ್ಪ ಬುದ್ಧಿ ಬಂದಿದೆ" ಅಂತ ಹೇಳಿ ಆಪರೇಷನ್ ಮೇಜಿನ ಮೇಲೆ ಮಲಗಿದವಳು ಅವಳು. ಈಗ ಅವಳಲ್ಲಿ ಉಳಿದಿರೋ ಆ ಒಂದರಲ್ಲಿ ಗಡ್ಡೆ.

ಸಣ್ಣ ಗಡ್ಡೆ. ಸೂಜಿ ಹಾಕಿ ಹೆಪ್ಪುಗಟ್ಟಿಸಿ ಕೊಂದರೆ ಕಿಡ್ನಿ ಉಳಿಯುತ್ತೆ. ಇಲ್ಲದಿದ್ದರೆ ಇಡೀ ಕಿಡ್ನಿ ಕತ್ತರಿಸಿ ತೆಗೆಯಬೇಕು, ಆಮೇಲೆ ಅಕ್ಕ ಜೀವಮಾನ ಪೂರ್ತಿ ಡಯಾಲಿಸಿಸ್ ಯಂತ್ರದ ಪಕ್ಕ. ಒಂದೇ ಕಿಡ್ನಿ ಇರೋರಿಗೆ ಈ ಸೂಜಿ ಹಾಕಬಹುದಾ ಬೇಡವಾ ಅಂತ ಕಮಿಟಿ ನಾಳೆ ಬೆಳಿಗ್ಗೆ ತೀರ್ಮಾನ ಮಾಡುತ್ತೆ. ಅವರ ಮುಂದಿರೋ ಸಾಕ್ಷಿ ಈ ಒಂದು ಗಾಜಿನ ಪಟ್ಟಿ.

ಹಿರಿಯ ಡಾಕ್ಟರಮ್ಮನಿಗೆ ಇದೆಲ್ಲ ಗೊತ್ತು. ಗೊತ್ತಿದ್ದೇ ನನ್ನನ್ನು ಕರೆಸಿದರು. "ಸಂಕಟ ಇರೋರೇ ಸರಿಯಾಗಿ ಹುಡುಕೋದು" ಅಂದಿದ್ದರು.

ಮತ್ತೆ ಕಣ್ಣಿಟ್ಟೆ. ತಿಳಿ ಗುಲಾಬಿ ಬಯಲು, ಅದರ ತುಂಬ ನೀಲಿ ಚುಕ್ಕೆ. ಪಟ್ಟಿ ಸರಿದಿದ್ದರಿಂದ ಮೊದಲು ಕಾಣದಿದ್ದ ಒಂದು ಅಂಚು ಕಣ್ಣಿಗೆ ಬಿತ್ತು.

"ಇಲ್ಲೊಂದು ಅರ್ಧ ತೂತಿದೆಯಲ್ಲ."

"ಅದು ಹರಿದ ಅಂಚು. ನಾವು ನೋಡಲ್ಲ."

"ಯಾಕೆ ನೋಡಲ್ಲ?"

"ಸೀಳುವಾಗ ಅಂಚು ಹರಿಯುತ್ತೆ, ಅಲ್ಲಿ ಕಾಣೋದೆಲ್ಲ ನಮ್ಮದೇ ಕೈತಪ್ಪು. ಓದೋಕೆ ಸೇರಿದ ದಿನವೇ ಹೇಳಿಕೊಡ್ತಾರೆ, ಹರಿದ ಅಂಚನ್ನ ನಂಬಬೇಡ ಅಂತ. ಇಪ್ಪತ್ತು ವರ್ಷದಿಂದ ನಾನು ಅಂಚು ನೋಡಿಲ್ಲ."

"ಹರಿದಿದ್ದರೆ ಜಾಳು ಜಾಳಾಗಿರಬೇಕು. ಇದು ಬಳೆ ಮುರಿದ ಹಾಗೆ ಗುಂಡಗಿದೆ. ಬದಿಯಲ್ಲಿ ಕೆಂಪಗೆ ಏನೋ ಮೆತ್ತಿದೆ."

ಅವರು ನಕ್ಕರು. ಕಲಿಯೋಕೆ ಬಂದ ಮಕ್ಕಳನ್ನ ನೋಡಿ ನಗೋ ನಗು ಅದು. ನನಗೆ ಮೈ ಉರಿಯಿತು.

ಈ ಕಸುಬಿಗೆ ಬರೋ ಮೊದಲು ನಾನು ಇನ್ಶೂರೆನ್ಸ್ ಕಂಪನಿಗೆ ಅಪಘಾತದ ಕ್ಲೇಮುಗಳ ತನಿಖೆ ಮಾಡುತ್ತಿದ್ದೆ. ನಿನ್ನೆ ಸಂಜೆ ಬಿದ್ದೆ ಅಂತ ಅಳುತ್ತಾ ಬಂದವನ ಮೊಣಕಾಲಲ್ಲಿ ಒಣಗಿ ಉದುರೋ ಹಕ್ಕಳೆ ಇರುತ್ತಿತ್ತು. ಮನುಷ್ಯ ಬೇಕಾದ ತಾರೀಖು ಹೇಳಬಹುದು, ಗಾಯ ಹೇಳಲ್ಲ. ಗಾಯಕ್ಕೆ ಅದರದೇ ವಯಸ್ಸಿರುತ್ತೆ.

"ಡಾಕ್ಟರ್, ಇದು ಸೂಜಿ ಹೋದ ದಾರಿ ಅಂತಲೇ ಇಟ್ಕೊಳ್ಳೋಣ. ಆಮೇಲೆ ಹಂದಿ ವಾರಗಟ್ಟಲೆ ಬದುಕಿತ್ತು ಅಂತೀರಿ. ಹಾಗಿದ್ದರೆ ಈ ಗಾಯ ಮಾಗಿರಬೇಕು ತಾನೆ? ಎಷ್ಟು ವಯಸ್ಸಿನ ಗಾಯ ಇದು, ನೋಡಿ ಹೇಳಿ."

ಅವರ ನಗು ಅರ್ಧಕ್ಕೆ ನಿಂತಿತು. ನನ್ನನ್ನು ಸ್ಟೂಲಿನಿಂದ ಎಬ್ಬಿಸಿದರು, ಎಬ್ಬಿಸಿದರು ಅನ್ನೋದಕ್ಕಿಂತ ತಳ್ಳಿದರು. ಕಣ್ಣಿಟ್ಟವರು ಬಹಳ ಹೊತ್ತು ತೆಗೆಯಲೇ ಇಲ್ಲ.

"ಮಾಗಿದ ಲಕ್ಷಣ ಒಂದೂ ಇಲ್ಲ" ಅಂದರು ಕೊನೆಗೆ. ದನಿ ಸಣ್ಣದಾಗಿತ್ತು. "ಗಾಯ ತುಂಬೋ ಕಣಗಳಿಲ್ಲ, ಕಲೆಯ ಎಳೆಗಳಿಲ್ಲ. ರಕ್ತ ಹಸಿ ಹಸಿಯಾಗಿದೆ. ಇದು ಕೊನೆ ದಿನದ ಚೂರಲ್ಲ. ಸೂಜಿ ತೆಗೆದ ಗಳಿಗೆಯದು."

"ಚೂರು ಬಂದ ಬಾಟಲಿ ಮೇಲೆ ಕೊನೆ ದಿನದ್ದು ಅಂತಲೇ ಚೀಟಿ ಇತ್ತು?"

"ಇತ್ತು." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ, ಕಿತ್ತ ಹೂವು ಸಂಜೆ ತನಕ ಬಾಡಲ್ಲ. ದೂರದಿಂದ ನೋಡಿದವರು ಗಿಡದಲ್ಲೇ ಇದೆ ಅಂದ್ಕೋತಾರೆ. ಹೆಪ್ಪುಗಟ್ಟಿ ಸತ್ತ ಕಣಗಳ ಕಥೆಯೂ ಅದೇ. ಸತ್ತ ದಿನ ಗಾಜಿನ ಮೇಲೆ ಬದುಕಿದ್ದವರ ಹಾಗೇ ಕಾಣ್ತವೆ, ಸತ್ತದ್ದು ಕಣ್ಣಿಗೆ ಕಾಣೋಕೆ ಸಮಯ ಬೇಕು. ಅದಕ್ಕೇ ನಾವು ವಾರಗಟ್ಟಲೆ ಕಾಯೋದು."

"ಅಂದರೆ ಚಿಕಿತ್ಸೆ ಸೋತಿಲ್ಲ."

"ಸೋತಿದೆ ಅಂತ ನಾನು ಹೇಳಿದ್ದು ತಪ್ಪು. ಗೆದ್ದಿದೆ ಅಂತ ಹೇಳೋಕೂ ನನ್ನ ಹತ್ತಿರ ಏನಿಲ್ಲ. ಇದು ತಪ್ಪು ಚೂರು."

ಸಂತೋಷದಲ್ಲಿ ನನಗೆ ಅವರನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಅಪ್ಪಿಕೊಳ್ಳೋ ಜಾತಿಯವರಲ್ಲ ಅವರು, ಸುಮ್ಮನಾದೆ.

"ಕುಣಿಯೋದು ಆಮೇಲೆ ಇಟ್ಕೊಳ್ಳಿ" ಅಂದರು, ಮನಸ್ಸು ಓದಿದವರ ಹಾಗೆ. "ನಿಮ್ಮಕ್ಕನಿಗೆ ಬೇಕಿರೋದು ಅಳತೆ. ಐಸ್ ಉಂಡೆಯ ನಡು ಸಾಯುತ್ತೆ. ಅಂಚು ಅಷ್ಟು ತಣ್ಣಗಿರಲ್ಲ, ಅಲ್ಲಿ ಕೆಲವು ಕಣ ಉಳ್ಕೊಂಡುಬಿಡ್ತವೆ. ಹಾಗಾಗಿ ಗಡ್ಡೆಗಿಂತ ಎಷ್ಟು ಆಚೆ ತನಕ ಐಸ್ ಕಟ್ಟಿಸಬೇಕು ಅನ್ನೋದೇ ಪ್ರಶ್ನೆ. ಕಮ್ಮಿ ಆದರೆ ಗಡ್ಡೆ ಮತ್ತೆ ಬೆಳೆಯುತ್ತೆ. ಜಾಸ್ತಿ ಆದರೆ ಇರೋ ಒಂದು ಕಿಡ್ನಿನೂ ಹೋಗುತ್ತೆ. ಒಂದು ಕಿಡ್ನಿಯವರಿಗೆ ಆ ಅಳತೆ ಹೇಳೋಕೆ ಇದ್ದದ್ದು ಆ ಒಂದು ಹಂದಿ."

"ಸೂಜಿ ತೆಗೆದ ದಿನದ ಚೂರು ಯಾರ ಹತ್ತಿರ ಇರುತ್ತೆ?"

"ಒಂದು ತೆಗೆದಿಡೋದು ಪದ್ಧತಿ. ಯಾರೂ ನೋಡಲ್ಲ, ಆದರೂ ಎಲ್ಲರೂ ಇಡ್ತಾರೆ. ಪ್ರಾಣಿ ವಿಭಾಗದ ಕಪಾಟಲ್ಲಿ. ಬೀಗದ ಕೈ ಪಶುವೈದ್ಯರದು."

ನಾನು ಎದ್ದೆ.

ಲಿಫ್ಟಿನ ಹತ್ತಿರ ಕತ್ತರಿ ಡಾಕ್ಟರ್ ಸಿಕ್ಕರು. ಶಸ್ತ್ರಚಿಕಿತ್ಸಕರು, ಕೈಯಲ್ಲಿ ಯಾವಾಗಲೂ ಹಸಿರು ಟೋಪಿ. ಇವತ್ತಿನ ತನಕ ನನ್ನ ಅನುಮಾನವೆಲ್ಲ ಇವರ ಮೇಲೇ ಇತ್ತು. ಈ ಸೂಜಿಯನ್ನು ಮಕ್ಕಳಾಟ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುವವರು. ಅಕ್ಕನಿಗೂ "ತೆಗೆದುಬಿಡೋಣಮ್ಮ, ತಲೆನೋವು ಹೋಗುತ್ತೆ" ಅಂದವರು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಎತ್ತೋ ಮನುಷ್ಯ.

"ಏನ್ ಪತ್ತೇದಾರಮ್ಮ, ಐಸ್ ಕ್ಯಾಂಡಿ ಕಳ್ಳ ಸಿಕ್ಕನಾ?"

ಸುಮ್ಮನೆ ಹೋಗಬಹುದಿತ್ತು. ಸುಮ್ಮನಿರೋದು ನಮ್ಮ ವಂಶದಲ್ಲೇ ಇಲ್ಲ.

"ಕಳ್ಳ ಸಿಗ್ತಾನೆ. ಐಸ್ ಕ್ಯಾಂಡಿ ಕರಗಿಲ್ಲ ಅಂತ ಮಾತ್ರ ಗೊತ್ತಾಯ್ತು. ಗಾಜಿನ ಮೇಲಿರೋದು ಕೊನೆ ದಿನದ ಚೂರೇ ಅಲ್ಲವಂತೆ. ನಿಮ್ಮ ಕತ್ತರಿಗೆ ಸ್ವಲ್ಪ ರಜೆ ಕೊಡಬೇಕಾಗಬಹುದು."

ತಿರುಗಿ ಕುಟುಕುತ್ತಾರೆ ಅಂದುಕೊಂಡಿದ್ದೆ. ಅವರು ಟೋಪಿಯನ್ನು ಮಡಚಿ ಜೇಬಿಗಿಟ್ಟುಕೊಂಡರು.

"ಗಾಜಿನ ಡಾಕ್ಟರೇ ಹಾಗಂದ್ರಾ?"

"ಅವರ ಬಾಯಿಂದಲೇ."

"ಹಾಗಾ" ಅಂದರು. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದರು.

ಪ್ರಾಣಿ ವಿಭಾಗ ಹಿಂದಿನ ಕಟ್ಟಡದ ನೆಲಮಹಡಿಯಲ್ಲಿ. ಬಾಗಿಲಲ್ಲಿ ರಬ್ಬರ್ ಬೂಟುಗಳ ಸಾಲು, ನೆಲ ಆಗಷ್ಟೇ ತೊಳೆದು ಒದ್ದೆ. ಗೋಡೆಗೆ ಸುತ್ತಿಟ್ಟ ನೀರಿನ ಪೈಪು, ಮೂಲೆಯಲ್ಲಿ ಹಂದಿ ನಿಲ್ಲಿಸಿ ತೂಗೋ ದೊಡ್ಡ ತಕ್ಕಡಿ. ಪಶುವೈದ್ಯರು ಖಾಲಿ ಗೂಡೊಂದರ ಕಂಬಿ ಒರೆಸುತ್ತಿದ್ದರು. ಬಾಗಿಲಿಗೆ ತಲೆ ತಾಗೋಷ್ಟು ಎತ್ತರದ ಆಳು, ದನಿ ಮಾತ್ರ ಮಲಗಿದ ಮಗುವಿನ ಪಕ್ಕ ಮಾತಾಡಿದ ಹಾಗೆ.

"ಯಾವ ಹಂದಿದು ಈ ಗೂಡು?"

"ದೊರೆಸಾನಿದು" ಅಂದರು. ಆಮೇಲೆ, "ಅಂದರೆ, ಒಂದು ಕಿಡ್ನಿ ತೆಗೆದಿದ್ದೆವಲ್ಲ, ಅದು. ಆಪರೇಷನ್ ಆದ ಮಾರನೇ ದಿನವೇ ಎದ್ದು ಊರಿಗೆ ಒಡತಿ ಹಾಗೆ ಓಡಾಡಿದಳು. ಅದಕ್ಕೇ ಆ ಹೆಸರು."

"ಅವಳ ಮೊದಲ ದಿನದ ಚೂರಿನ ಬಾಟಲಿ ನೋಡಬೇಕಿತ್ತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅಂತಾರೆ. ಇವರು ಹೆಗಲು ಮುಟ್ಟಿಕೊಳ್ಳಲಿಲ್ಲ, ಕಪಾಟಿನ ಕಡೆ ನೋಡಿ ತಕ್ಷಣ ಕಣ್ಣು ತೆಗೆದರು.

"ಅದು ಒಡೆದುಹೋಯ್ತು."

"ಒಡೆದಿಲ್ಲ. ಮೇಲೆ ಗಾಜಿನ ಡಾಕ್ಟರ ಮೇಜಿನ ಮೇಲಿದೆ. ನೀವೇ ಚೀಟಿ ಬದಲಾಯಿಸಿ ಕಳಿಸಿದ್ದೀರಿ."

ಅವರು ಬಟ್ಟೆ ಹಿಂಡಿದರು. ನೀರೆಲ್ಲ ಹೋದಮೇಲೂ ಹಿಂಡುತ್ತಲೇ ಇದ್ದರು.

"ಎಷ್ಟು ಕೊಟ್ಟರು ಕತ್ತರಿ ಡಾಕ್ಟರು?" ಅಂದೆ.

"ಕೊಡೋದಾ? ಯಾಕೆ ಕೊಡ್ತಾರೆ?" ಆ ಮುಖದಲ್ಲಿ ಕಂಡದ್ದು ಕಪಟವಲ್ಲ, ಅರ್ಥವಾಗದ ಗಲಿಬಿಲಿ. ಮುಖ ನೋಡಿ ಹೊಟ್ಟೆ ಹೊರೆಯೋಳು ನಾನು, ಅಷ್ಟು ಗೊತ್ತಾಗುತ್ತೆ.

"ಹಾಗಾದರೆ ಯಾಕೆ ಮಾಡಿದಿರಿ?"

ಅವರು ತಲೆಕೆಳಗಾಗಿಟ್ಟಿದ್ದ ಬಕೆಟ್ಟಿನ ಮೇಲೆ ಕೂತರು. ಕೂತರೂ ನನ್ನಷ್ಟೇ ಎತ್ತರ.

"ಮೇಡಂ, ನಾನು ಈ ಕೆಲಸಕ್ಕೆ ಸೇರಿ ಕೂದಲು ಹಣ್ಣಾಯ್ತು. ನೂರಾರು ಪ್ರಾಣಿಗಳನ್ನ ಕೊನೆಯದಾಗಿ ಮಲಗಿಸಿದ್ದೀನಿ. ನೋವಾಗದ ಹಾಗೆ ಮಲಗಿಸೋದೇ ನನ್ನ ಕಸುಬು, ಅದರ ಬಗ್ಗೆ ನನಗೆ ನಾಚಿಕೆ ಇಲ್ಲ. ಜನ ಬದುಕಬೇಕು. ಆದರೆ ಇವಳ ಒಂದು ಕಿಡ್ನಿ ತೆಗೆದೆವು, ಇನ್ನೊಂದರಲ್ಲಿ ಐಸ್ ಕಟ್ಟಿಸಿದೆವು, ಇನ್ನೇನು ಹೋದಳು ಅಂದ್ಕೊಂಡ್ವಿ. ಇವಳು ಎದ್ದಳು, ತಿಂದಳು, ಮೈ ತುಂಬ್ಕೊಂಡಳು. ಬೆಳಿಗ್ಗೆ ನನ್ನ ಬೂಟಿನ ಸದ್ದು ಕೇಳಿದರೆ ಬಾಗಿಲಿಗೆ ಬಂದು ನಿಲ್ಲೋಳು. ಆ ದಿನ ಬಂತು. ಸಿರಿಂಜು ತುಂಬಿಸಿದೆ. ಇಷ್ಟು ಕಷ್ಟಪಟ್ಟು ಬದುಕಿದವಳನ್ನ ಕೊಲ್ಲೋಕೆ ನನ್ನ ಕೈ ಏಳಲಿಲ್ಲ."

"ಚೂರು?"

"ಮೊದಲ ದಿನದ್ದು ಇತ್ತಲ್ಲ. ಅದೇ ಜಾಗದ್ದು, ಅದೇ ಕಿಡ್ನಿಯದು, ಐಸ್ ಕಟ್ಟಿ ಸತ್ತದ್ದು. ಸತ್ತಿದ್ದು ಸತ್ತಿದ್ದೇ ತಾನೆ, ಮೊದಲ ದಿನವಾದರೇನು ಕೊನೆ ದಿನವಾದರೇನು ಅಂದ್ಕೊಂಡೆ. ಗಾಜು ಹೂಂ ಅನ್ನುತ್ತೆ, ಎಲ್ಲರಿಗೂ ಒಳ್ಳೇದಾಗುತ್ತೆ ಅಂತ. ಗಾಜು ಯಾಕೆ ಊಹೂಂ ಅಂತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."

ನಾನು ಹೂವಿನ ಮಾತು ಹೇಳಿದೆ. ಅವರು ಕೇಳುತ್ತಾ ಕೇಳುತ್ತಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಪಾಪ ಅನ್ನಿಸಿತು. ಸಿಟ್ಟು ಅದಕ್ಕಿಂತ ಜೋರಾಗಿತ್ತು.

"ನಿಮ್ಮ ಕರುಣೆಯಿಂದ ಏನಾಗಿದೆ ಗೊತ್ತಾ? ನನ್ನ ಅಕ್ಕನಿಗೂ ಒಂದೇ ಕಿಡ್ನಿ. ನಿಮ್ಮ ಬಾಟಲಿ ಊಹೂಂ ಅಂದಿದ್ದಕ್ಕೆ ನಾಳೆ ಕಮಿಟಿ ಊಹೂಂ ಅನ್ನುತ್ತೆ. ಅವಳ ಕಿಡ್ನಿ ತೆಗೀತಾರೆ. ಅವಳದೊಂದು ನನ್ನ ಮೈಯಲ್ಲಿ ಓಡ್ತಿದೆ, ವಾಪಸ್ ಕೊಡೋಣ ಅಂದ್ರೂ ಆಗಲ್ಲ. ರಾತ್ರಿ ನಿದ್ದೆ ಬರ್ತಿಲ್ಲ ನನಗೆ."

ಕೊನೇ ಮಾತು ಹೇಳಬೇಕು ಅಂತ ಇರಲಿಲ್ಲ. ಬಂದುಬಿಟ್ಟಿತು.

ಅವರು ಎದ್ದು ನಿಂತರು. ಕಣ್ಣು ಕೆಂಪಾಗಿತ್ತು.

"ದೊರೆಸಾನಿ ಇದ್ದಾಳೆ."

"ಏನು?"

"ಬದುಕಿದ್ದಾಳೆ. ನಮ್ಮ ಅತ್ತೆ ಮನೆಯಲ್ಲಿ. ಅವರದೊಂದು ಮುಚ್ಚಿದ ಬೇಕರಿ ಇದೆ, ಹಿತ್ತಲಿಗೆ ಎತ್ತರದ ಗೋಡೆ. ಅಲ್ಲಿ ಬಿಟ್ಟಿದ್ದೀನಿ. ಅವಳ ಕಿಡ್ನಿ ಕೆಲಸ ಮಾಡ್ತಿದೆ, ರಕ್ತ ಪರೀಕ್ಷೆ ಮಾಡಿಸ್ತಲೇ ಇದ್ದೀನಿ. ನಿಮ್ಮಕ್ಕನ ಸಾಕ್ಷಿ 'ಗುರ್ ಗುರ್' ಅಂತ ಓಡಾಡ್ತಿದೆ ಮೇಡಂ."

ಇಷ್ಟು ವರ್ಷದಲ್ಲಿ ಎಷ್ಟೋ ಜನರ ಬಾಯಿಂದ ತಪ್ಪೊಪ್ಪಿಗೆ ಕೇಳಿದ್ದೇನೆ, ಕೇಳಿ ಕಣ್ಣೀರು ಬಂದದ್ದು ಇದೇ ಮೊದಲು.

ಅಲ್ಲೇ ನಿಂತು ಗಾಜಿನ ಡಾಕ್ಟರಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ.

"ಕೊಲ್ಲಬೇಕಾಗಿಲ್ಲ" ಅಂದರು. "ಮಂಪರು ಕೊಟ್ಟು, ಸ್ಕ್ಯಾನ್ ನೋಡ್ಕೊಂಡು, ತೆಳು ಸೂಜಿಯಿಂದ ಅಂಚಿನದೊಂದು ಚೂರು ತೆಗೆದರೆ ಸಾಕು. ತಂದುಕೊಟ್ಟರೆ ಒಂದು ಗಂಟೆಯಲ್ಲಿ ಅಳತೆ ಹೇಳ್ತೀನಿ. ಈ ಸಲ ಅಂಚು ನೋಡ್ತೀನಿ, ಭಯ ಬೇಡ."

ಪಶುವೈದ್ಯರು ನನ್ನ ಮುಖ ನೋಡುತ್ತಿದ್ದರು.

"ಚೂರು ತೆಗೆದಮೇಲೆ ಅವಳನ್ನ ಮತ್ತೆ ಈ ಗೂಡಿಗೆ ತರಲ್ಲ ಅಂತ ಮಾತು ಕೊಡಿ" ಅಂದರು.

"ಕೊಟ್ಟೆ. ಬೇಕಾದರೆ ನಮ್ಮನೇಲಿ ಇಟ್ಕೋತೀನಿ. ಅಕ್ಕನೂ ಗೊಣಗ್ತಾಳೆ, ಅವಳೂ ಗೊಣಗ್ಲಿ."

ಅವರ ಗಾಡಿ ನಡೆಯೋದಕ್ಕಿಂತ ಸ್ವಲ್ಪ ಬೇಗ ಹೋಗುತ್ತಿತ್ತು, ಅಷ್ಟೇ. ಸಿಗ್ನಲ್ಲಿನಲ್ಲಿ ಸೈಕಲ್ಲುಗಳು ನಮ್ಮನ್ನು ದಾಟಿದವು. ನನಗೆ ಬೇಜಾರಾಗಲಿಲ್ಲ. ಕಿಟಕಿ ಗಾಜು ಸರಿಸಿ ಹೊರಗೆ ನೋಡಿದರೆ ಬಿಸಿಲು, ಮಧ್ಯಾಹ್ನ, ಬಟ್ಟೆ ಒಣಹಾಕಿದ ಮಹಡಿಗಳು. ನಾಳೆ ಕಮಿಟಿ ಮುಂದೆ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಭಾಷಣ ಕಟ್ಟುತ್ತಿದ್ದೆ. ಅಕ್ಕನಿಗೆ ಫೋನು ಮಾಡೋಣ ಅನ್ನಿಸಿತು. ಚೂರು ಕೈಗೆ ಬರಲಿ, ಆಮೇಲೆ ಹೇಳಿದರೆ ಚೆನ್ನ ಅಂತ ಬಿಟ್ಟೆ.

ಬೇಕರಿಯ ಬೋರ್ಡಿನ ಅಕ್ಷರ ಅರ್ಧ ಅಳಿಸಿತ್ತು. ಒಳಗೆ ಒಲೆಯ ಬಾಯಿ ಮುಚ್ಚಿದ ಇಟ್ಟಿಗೆ ಗೋಡೆ, ಉದ್ದನೆಯ ಹಿಟ್ಟಿನ ಮೇಜು. ಅದರ ಮುಂದೆ ಪಶುವೈದ್ಯರ ಅತ್ತೆ ಸ್ವೆಟರ್ ಹೆಣೆಯುತ್ತಾ ಕೂತಿದ್ದರು. ಅಳಿಯನನ್ನು ನೋಡಿ ಎದ್ದೇಳಲೂ ಇಲ್ಲ.

"ಮತ್ತೆ ಯಾಕಪ್ಪ ಬಂದೆ? ಅವಳನ್ನ ಕಳಿಸಿಕೊಟ್ಟೆನಲ್ಲ."

ಅಳಿಯ ಹಿತ್ತಲಿಗೆ ಓಡಿದರು. ನಾನೂ ಹಿಂದೆಯೇ ಓಡಿದೆ. ಹುಲ್ಲು ಹಾಸಿದ ಮೂಲೆ, ನೀರಿನ ತೊಟ್ಟಿ, ಅರ್ಧ ತಿಂದ ಕುಂಬಳಕಾಯಿ ಹೋಳು. ಹಂದಿ ಇರಲಿಲ್ಲ. ಗೇಟಿನ ಬೀಗ ಒಡೆದಿರಲಿಲ್ಲ, ನೀಟಾಗಿ ತೆಗೆದು ಕೊಂಡಿಗೆ ನೇತುಹಾಕಿತ್ತು.

"ಯಾರಿಗೆ ಕಳಿಸಿಕೊಟ್ಟಿರಿ ಅತ್ತೆ?" ಅವರ ಪಿಸುದನಿಯೂ ಒಡೆದುಹೋಗಿತ್ತು.

"ಯಾರಿಗೆ ಅಂದರೆ? ನಿಮ್ಮ ಡಾಕ್ಟರಿಗೆ. ಹೊಲಿಗೆ ಬಿಚ್ಚಿಕೊಂಡಾಗಿನಿಂದ ವಾರವಾರ ಬಂದು ಅವಳ ಗಾಯ ನೋಡ್ತಿದ್ದರಲ್ಲ, ಹಸಿರು ಟೋಪಿಯವರು. ನೀನೇ ಕರ್ಕೊಂಡು ಬಂದಿದ್ದು. ಇವತ್ತೂ ನೀನೇ ಕಳಿಸಿದ್ದು ಅಂದ್ರು, ಗೇಟು ತೆಗೆದೆ."

ನಾನು ಪಶುವೈದ್ಯರ ಕಡೆ ತಿರುಗಿದೆ. ಅವರು ನೆಲ ನೋಡುತ್ತಿದ್ದರು.

"ಗಾಯ ಬಿಚ್ಕೊಂಡಿತ್ತು. ಒಬ್ಬನ ಕೈಲಿ ಆಗ್ತಿರಲಿಲ್ಲ. ಅವರನ್ನ ಕೇಳಿದೆ. ಬೈತಾರೆ ಅಂದ್ಕೊಂಡೆ. ಅವರು ಚೀಲ ತಗೊಂಡು ಬಂದರು, ಹೊಲಿದರು, ಯಾರಿಗೂ ಹೇಳಲ್ಲ ಅಂದರು. ಹೇಳಲೂ ಇಲ್ಲ. ನಾನೂ ಅವರ ಹೆಸರು ಹೇಳಬಾರದು ಅಂತ..."

ಹಂದಿ ಬದುಕಿದೆ ಅಂತ ಕತ್ತರಿ ಡಾಕ್ಟರಿಗೆ ಮೊದಲಿನಿಂದ ಗೊತ್ತಿತ್ತು. ಗೊತ್ತಿದ್ದೂ ಚಿಕಿತ್ಸೆ ಸೋತಿತು ಅಂತ ಎಲ್ಲರೂ ತಲೆ ಮೇಲೆ ಕೈ ಹೊತ್ತಾಗ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಬೆಳಿಗ್ಗೆ ಲಿಫ್ಟಿನ ಹತ್ತಿರ ನಾನೇ ಜಂಬದಲ್ಲಿ ಸುದ್ದಿ ಕೊಟ್ಟು ಕಳಿಸಿದ್ದೆ. ನನ್ನ ನಾಲಿಗೆಗೆ ನಾನೇ ಎರಡು ಬಿಗಿಯಬೇಕು ಅನ್ನಿಸಿತು.

"ಎಷ್ಟು ಹೊತ್ತಾಯ್ತು ಅಜ್ಜಿ?"

"ಒಂದು ಗಂಟೆ ಆಗಿರಬಹುದು. ಜೊತೆಗೊಬ್ಬಳು ಹೆಂಗಸು." ಅಜ್ಜಿ ಹೆಣಿಗೆ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿನ್ನದೇ ಮೂಗು. ನಿನಗಿಂತ ಸ್ವಲ್ಪ ದೊಡ್ಡವಳು. ಹಂದಿ ವ್ಯಾನು ಹತ್ತಲ್ಲ ಅಂತ ಹಟ ಮಾಡಿತು. 'ಹತ್ತೇ, ನಾನೇನು ನಿನ್ನ ತಿಂತೀನಾ, ನಂದೂ ನಿಂದೂ ಒಂದೇ ಕಥೆ' ಅಂತ ಬೈದು ಹತ್ತಿಸಿದಳು."

ಹಾಗೆ ಬೈಯೋಳು ಪ್ರಪಂಚದಲ್ಲಿ ಒಬ್ಬಳೇ.

ಫೋನು ಎರಡನೇ ರಿಂಗಿಗೇ ಎತ್ತಿದಳು. ಹಿಂದೆ ಗುರುಗುರು ಸದ್ದು.

"ಗೊತ್ತಾಯ್ತಾ?" ಅಂದಳು ಅಕ್ಕ. "ನಿನಗೆ ದುಡ್ಡು ಕೊಟ್ಟು ಇಟ್ಕೊಂಡಿರೋರನ್ನ ನೋಡಿದರೆ ನನಗೆ ಅಯ್ಯೋ ಅನ್ಸುತ್ತೆ ಕಣೆ."

"ಎಲ್ಲಿದ್ದೀಯ?"

"ಹೇಳಿದರೆ ಬರ್ತೀಯ. ಕೇಳು. ಇವತ್ತು ಸಂಜೆ ನನಗೆ ಸೂಜಿ. ಡಾಕ್ಟರೇ ಹಾಕ್ತಾರೆ. ನಾಳೆ ಕಮಿಟಿ ಏನಂತಾರೋ ಯಾರಿಗ್ಗೊತ್ತು, ಅವರು ಊಹೂಂ ಅಂದಮೇಲೆ ಯಾರೂ ಮುಟ್ಟೋ ಹಾಗಿಲ್ಲವಂತೆ."

"ಕತ್ತರಿ ಡಾಕ್ಟರಾ? ಅಕ್ಕ, ಅವರು ನಿನ್ನ ಕಿಡ್ನಿ ತೆಗೀಬೇಕು ಅಂತಿದ್ದವರು."

"ಅಂತಿದ್ದರು. ಇವಳನ್ನ ವಾರವಾರ ನೋಡಿ ನೋಡಿ ಮನಸ್ಸು ತಿರುಗಿತಂತೆ. ಗಾಜು ಸರಿಯಿಲ್ಲ ಅಂತ ಇವತ್ತು ಗೊತ್ತಾದಮೇಲೆ ಧೈರ್ಯ ಬಂತಂತೆ. ನನ್ನ ಎದುರಿಗೆ ಕಣ್ಣಲ್ಲಿ ನೀರು ಹಾಕ್ಕೊಂಡರು. ನಾನು ನಂಬಿದೆ. ನಂಬದೆ ಇನ್ನೇನು ಮಾಡ್ಲಿ? ಈ ದೊರೆಸಾನಿನ ನೋಡು, ಹೇಗೆ ಓಡಾಡ್ತಾಳೆ. ಇವಳಿಗೆ ಆದದ್ದು ನನಗೂ ಆಗುತ್ತೆ."

ಅವಳ ದನಿಯಲ್ಲಿ ಎಷ್ಟೋ ತಿಂಗಳಿಂದ ಇಲ್ಲದ ನಗು ಇತ್ತು. ಆ ನಗುವಿಗೆ ಕಲ್ಲು ಹಾಕೋ ಕೆಲಸ ನನಗೇ ಬಂತು.

"ಅಕ್ಕ, ಅವಳು ಬದುಕಿದ್ದಾಳೆ ಅಂದರೆ ಕಿಡ್ನಿ ತಡ್ಕೊಂಡಿದೆ ಅಂತ ಅಷ್ಟೇ. ಅಂಚು ಎಲ್ಲಿ ತನಕ ಸತ್ತಿದೆ ಅಂತ ಗೊತ್ತಾಗಬೇಕಾದರೆ ಅವಳಿಂದ ಒಂದು ಚೂರು ತೆಗೀಬೇಕು. ಅವಳಿಗೆ ಗಡ್ಡೆ ಇರಲಿಲ್ಲ, ನಿನಗಿದೆ. ಒಂದಿಷ್ಟು ಕಣ ಉಳಿದರೂ ನಿನ್ನಲ್ಲಿ ಮತ್ತೆ ಬೆಳೆಯುತ್ತೆ. ಚೂರು ತೆಗೆದರಾ?"

ಹಿಂದೆ ಹಂದಿ ಗುರುಗುಟ್ಟಿತು.

"ಡಾಕ್ಟರು ತೆಗೀಬೇಕು ಅಂದರು" ಅಂದಳು ನಿಧಾನಕ್ಕೆ. "ನಾನೇ ಬೇಡ ಅಂದೆ. ಹೊಟ್ಟೆ ತುಂಬ ಹೊಲಿಗೆ ಕಣೆ ಇವಳಿಗೆ. ನನ್ನ ಹಾಗೇ. ಒಂದು ಜೀವಾನ ಎಷ್ಟು ಸಲ ಚುಚ್ಚೋದು?"

"ಮತ್ತೆ ಅಳತೆ?"

"ಡಾಕ್ಟರು ಅಂದಾಜಲ್ಲಿ ಹಾಕ್ತಾರಂತೆ."

"ಅಂದಾಜಲ್ಲಾ? ಅಕ್ಕ, ಒಂದೇ ಒಂದು ಚೂರು, ತೆಳು ಸೂಜಿ, ಅವಳಿಗೆ ಗೊತ್ತೂ ಆಗಲ್ಲ, ನಾನು ಪಶುವೈದ್ಯರನ್ನ ಕರ್ಕೊಂಡು..."

"ಕರೀತಿದ್ದಾರೆ. ಇಡ್ತೀನಿ." ಆಮೇಲೆ, ಇಡೋ ಮೊದಲು, ಮೆತ್ತಗೆ ಹೇಳಿದಳು. "ಅಳಬೇಡ. ರಾತ್ರಿ ಊಟ ಮಾಡು, ಮಾತ್ರೆ ತಗೋ. ನನ್ನದೊಂದು ನಿನ್ನ ಹತ್ತಿರ ಇದೆ, ಅದನ್ನ ಚೆನ್ನಾಗಿ ನೋಡ್ಕೋ."

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಪಶುವೈದ್ಯರು ಆಗಲೇ ಗಾಡಿಯ ಕೀಲಿ ಕೈಯಲ್ಲಿ ಹಿಡಿದು ನಿಂತಿದ್ದರು. "ಎಲ್ಲಿಗೆ ಮೇಡಂ?" ಅಂದರು.

ಓಡಿಹೋದ ಗಂಡಂದಿರನ್ನು, ಮುಳುಗಿಸಿ ಪರಾರಿಯಾದ ಪಾಲುದಾರರನ್ನು, ಸತ್ತೆ ಅಂತ ಸುಳ್ಳು ಹೇಳಿದವರನ್ನು ಹುಡುಕಿ ಕೊಟ್ಟವಳು ನಾನು. ಸಂಜೆಯೊಳಗೆ ನನ್ನ ಸ್ವಂತ ಅಕ್ಕನನ್ನು ಹುಡುಕಬೇಕಿತ್ತು, ಕೈಯಲ್ಲಿ ಒಂದು ಸುಳಿವೂ ಇರಲಿಲ್ಲ.